ಹಡಗಿನಿಂದ ಇಳಿದು ಆಫೀಸಿಗೆ ಬಂದ ಇಂಗ್ಲಿಷ್ ಮಾತುಗಳು

ಶಿರಸಿ, ಯಲ್ಲಾಪುರ, ಕುಮಟಾ ಕಡೆಯ ಎಷ್ಟೋ ಹುಡುಗ ಹುಡುಗಿಯರು ಈಗ ಮನೆಯ ಜಗಲಿಯಲ್ಲೇ ಲ್ಯಾಪ್‌ಟಾಪ್ ಇಟ್ಟುಕೊಂಡು ಬೆಂಗಳೂರಿನ, ಹೊರದೇಶದ ಕಂಪನಿಗಳ ಕೆಲಸ ಮಾಡುತ್ತಾರೆ. 2020ರ ಕೋವಿಡ್ ತಂದ ಬದಲಾವಣೆ ಇದು. ನೆಟ್‌ವರ್ಕ್ ಸಿಕ್ಕಿತು ಅಂದರೆ ಅರ್ಧ ಕಷ್ಟ ಮುಗಿಯಿತು. ಉಳಿದರ್ಧ ಮೀಟಿಂಗ್‌ನಲ್ಲಿ ಎದುರಾಗುತ್ತದೆ. ಇಂಗ್ಲಿಷ್ ಬರುತ್ತದೆ, ವ್ಯಾಕರಣವೂ ಬರುತ್ತದೆ. ಆದರೆ ಆ ಕಡೆಯವರು ‘ವಿ ನೀಡ್ ಆಲ್ ಹ್ಯಾಂಡ್ಸ್ ಆನ್ ಡೆಕ್’ ಅಂದಾಗ, ‘ಹೀ ಈಸ್ ಎ ಲೂಸ್ ಕ್ಯಾನನ್’ ಅಂದಾಗ ತಲೆಬುಡ ತಿಳಿಯುವುದಿಲ್ಲ. ಒಂದೊಂದು ಪದಕ್ಕೂ ಅರ್ಥ ಗೊತ್ತು, ಒಟ್ಟು ಮಾತಿಗೆ ಗೊತ್ತಿಲ್ಲ.

ಕಾರವಾರದಲ್ಲಿ ಕೇಂದ್ರ ಸರ್ಕಾರದ ನೌಕರಿಯ ಎಸ್‌ಎಸ್‌ಸಿ, ಸೇನೆ ಸೇರುವ ಎನ್‌ಡಿಎ ಪರೀಕ್ಷೆಗೆ ಓದುವವರ ಪಾಡೂ ಇದೇ. ಇಂಗ್ಲಿಷ್ ಪ್ರಶ್ನೆಪತ್ರಿಕೆಯಲ್ಲಿ ‘ಈಡಿಯಮ್ಸ್ ಆಂಡ್ ಫ್ರೇಸಸ್’ ಬರುತ್ತವೆ. ಅದಕ್ಕಾಗಿ ಉದ್ದುದ್ದ ಪಟ್ಟಿ ಬಾಯಿಪಾಠ ಮಾಡುತ್ತಾರೆ. ಬೆಳಿಗ್ಗೆ ಓದಿದ್ದು ಸಂಜೆಗೆ ಮರೆತಿರುತ್ತದೆ. ಮರೆಯದೆ ಇನ್ನೇನಾಗುತ್ತದೆ, ಆ ಮಾತು ಯಾಕೆ ಹಾಗಿದೆ ಅಂತ ಯಾರೂ ಹೇಳಿಕೊಟ್ಟಿರುವುದಿಲ್ಲ.

ಇದಕ್ಕೆ ಕರಾವಳಿಯವರಿಗೆ ಒಂದು ಸುಲಭದ ದಾರಿ ಇದೆ. ಇಂಗ್ಲಿಷಿನ ನುಡಿಗಟ್ಟುಗಳಲ್ಲಿ ದೊಡ್ಡದೊಂದು ಗುಂಪು ಹಾಯಿಹಡಗಿನ ಕೆಲಸದಿಂದ ಹುಟ್ಟಿದ್ದು. ಗಾಳಿ, ಹಗ್ಗ, ಲಂಗರು, ಉಬ್ಬರ ಇಳಿತ, ಗಾಳ. ಇವನ್ನೆಲ್ಲ ನಮಗೆ ಯಾರೂ ಹೊಸದಾಗಿ ಹೇಳಿಕೊಡಬೇಕಾಗಿಲ್ಲ. ಹಡಗಿನಲ್ಲಿ ಏನು ನಡೆಯುತ್ತಿತ್ತು ಅನ್ನುವುದು ಕಣ್ಣಿಗೆ ಕಟ್ಟಿದರೆ ಅರ್ಥ ತಾನಾಗಿ ಬರುತ್ತದೆ.

ನುಡಿಗಟ್ಟು ಅಂದರೆ ಏನು?

‘ಅವನು ನನಗೆ ಕೈ ಕೊಟ್ಟ’ ಅನ್ನುತ್ತೇವೆ. ಇಲ್ಲಿ ಕೈಯೂ ಇಲ್ಲ, ಕೊಡುವುದೂ ಇಲ್ಲ. ನಂಬಿಸಿ ನಡುನೀರಿನಲ್ಲಿ ಬಿಟ್ಟ ಅಂತ ಅರ್ಥ. ಹೀಗೆ ಬಿಡಿ ಪದಗಳ ಅರ್ಥ ಕೂಡಿಸಿದರೆ ಸಿಗದ, ಒಟ್ಟಾಗಿ ಮಾತ್ರ ಅರ್ಥ ಕೊಡುವ ಪದಗಳ ಕಟ್ಟೇ ನುಡಿಗಟ್ಟು. ಇಂಗ್ಲಿಷಿನಲ್ಲಿ ‘ಈಡಿಯಂ’.

ಗಾದೆ ಬೇರೆ. ಗಾದೆ ಒಂದು ಪೂರ್ತಿ ಮಾತು, ಒಂದು ತಿಳಿವಳಿಕೆ ಹೇಳಿ ಮುಗಿಸುತ್ತದೆ. ನುಡಿಗಟ್ಟು ವಾಕ್ಯದ ಒಂದು ತುಂಡು. ಅದನ್ನು ನಾವು ನಮ್ಮ ವಾಕ್ಯದೊಳಗೆ ಸೇರಿಸಿಕೊಳ್ಳಬೇಕು.

ಇನ್ನೊಂದು ಗುಣ ಮುಖ್ಯ. ನುಡಿಗಟ್ಟಿನ ಪದ ಬದಲಾಯಿಸುವ ಹಾಗಿಲ್ಲ. ‘ಕೈ ಕೊಟ್ಟ’ ಅನ್ನುವಲ್ಲಿ ‘ಹಸ್ತ ನೀಡಿದ’ ಅಂದು ನೋಡಿ, ಮೋಸದ ಅರ್ಥ ಪೂರ್ತಿ ಹೋಗಿಬಿಡುತ್ತದೆ. ಇಂಗ್ಲಿಷಿನಲ್ಲೂ ಹಾಗೇ. ಅರ್ಥ ಒಂದೇ ಅಂತ ಬೇರೆ ಪದ ಹಾಕಿದರೆ ಮಾತು ಕೆಡುತ್ತದೆ.

ಇಷ್ಟೊಂದು ಹಡಗು ಯಾಕೆ?

ಬ್ರಿಟನ್ ಒಂದು ದ್ವೀಪ. ಅಲ್ಲಿ ಸಮುದ್ರದಿಂದ ಅತಿ ದೂರದ ಜಾಗ ಅಂದರೂ ಸುಮಾರು 113 ಕಿಲೋಮೀಟರ್ ಒಳಗೇ ಇದೆ. ನೂರಾರು ವರ್ಷ ಅವರ ವ್ಯಾಪಾರ, ಯುದ್ಧ, ಮೀನುಗಾರಿಕೆ ಎಲ್ಲ ನಡೆದದ್ದು ಹಾಯಿಹಡಗಿನ ಮೇಲೆ. ವರ್ಷಗಟ್ಟಲೆ ಸಮುದ್ರದಲ್ಲಿದ್ದು ಊರಿಗೆ ಮರಳಿದ ಖಲಾಸಿಗಳು ಡೆಕ್ಕಿನ, ಅಂದರೆ ಹಡಗಿನ ಮೇಲ್ಹಾಸಿನ, ಮಾತನ್ನು ಮನೆಗೂ ಸಂತೆಗೂ ತಂದರು. 19ನೇ ಶತಮಾನದಲ್ಲಿ ಉಗಿಹಡಗು ಬಂದು ಹಾಯಿ ಮೂಲೆ ಸೇರಿತು. ಮಾತು ಮಾತ್ರ ಉಳಿಯಿತು.

ಆ ಹಡಗುಗಳು ನಮ್ಮ ಬಂದರಿಗೂ ಬಂದಿದ್ದವು. ಶಿರಸಿ ಹತ್ತಿರದ ಸೋಂದೆಯ ಕಾಳುಮೆಣಸಿನ ಹೆಸರು ಕೇಳಿ 1638ರಲ್ಲಿ ಇಂಗ್ಲಿಷ್ ವ್ಯಾಪಾರಿಗಳು ಕಾರವಾರದಲ್ಲಿ ಕೋಠಿ ತೆರೆದರು. ಮೆಣಸು ತುಂಬಿಕೊಂಡು ಹೋದ ಹಡಗುಗಳು ನಡೆದದ್ದು ಇದೇ ಗಾಳಿಯಲ್ಲಿ. ಹಾಗಾಗಿ ಗಾಳಿಯಿಂದಲೇ ಶುರು ಮಾಡೋಣ.

ಗಾಳಿಯ ಮಾತುಗಳು

‘ಬೈ ಆಂಡ್ ಲಾರ್ಜ್’ ದಿನಪತ್ರಿಕೆಯಲ್ಲೂ ಭಾಷಣದಲ್ಲೂ ಸಿಗುವ ಮಾತು. ಒಟ್ಟಾರೆ, ಬಹುಮಟ್ಟಿಗೆ ಅಂತ ಅರ್ಥ. ಆದರೆ ‘ಬೈ’ಗೂ ‘ಲಾರ್ಜ್’ಗೂ ಒಟ್ಟಾರೆಗೂ ಏನು ಸಂಬಂಧ?

ಮಳೆಗಾಲ ಕಳೆದ ಮೇಲೆ ನಮ್ಮ ಕರಾವಳಿಯಲ್ಲಿ ಮಧ್ಯಾಹ್ನದ ಹೊತ್ತಿಗೆ ಹೆಚ್ಚಾಗಿ ವಾಯುವ್ಯದ ಗಾಳಿ ಬೀಸುತ್ತದೆ. ಎಂಜಿನ್ ಇಲ್ಲದ ಹಾಯಿಹಡಗು ಕಾರವಾರದಿಂದ ಗೋವಾ ಕಡೆ ಹೊರಟಿದೆ ಅಂದುಕೊಳ್ಳಿ. ಗಾಳಿ ಎದುರಿಗೆ. ಹಾಯಿಯನ್ನು ಬಿಗಿಯಾಗಿ ಎಳೆದು, ಗಾಳಿಗೆ ಓರೆಯಾಗಿ, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ತಿರುಗುತ್ತಾ ಹೋಗಬೇಕು. ಇದನ್ನು ಇಂಗ್ಲಿಷ್ ನಾವಿಕರು ‘ಬೈ’ ಅಂದರು. ಅದೇ ಹಡಗು ಹೊನ್ನಾವರಕ್ಕೆ ಹೊರಟರೆ ಗಾಳಿ ಹಿಂದಿನಿಂದ ನೂಕುತ್ತದೆ. ಹಾಯಿ ಅಗಲಕ್ಕೆ ಬಿಚ್ಚಿ ಆರಾಮಾಗಿ ಹೋಗಬಹುದು. ಇದು ‘ಲಾರ್ಜ್’. ಕೆಲವು ಹಡಗು ಹಿಂಗಾಳಿಯಲ್ಲಿ ಚೆನ್ನಾಗಿ ಓಡುತ್ತಿದ್ದವು, ಎದುರುಗಾಳಿಯಲ್ಲಿ ಒದ್ದಾಡುತ್ತಿದ್ದವು. ಎರಡರಲ್ಲೂ ಸರಿಯಾಗಿ ನಡೆಯುವ ಹಡಗನ್ನು ‘ಬೈ ಆಂಡ್ ಲಾರ್ಜ್’ ಒಳ್ಳೆಯದು ಅನ್ನುತ್ತಿದ್ದರು. ಅಂದರೆ ಯಾವ ಗಾಳಿಗಾದರೂ ಸೈ. ಅಲ್ಲಿಂದ ‘ಎಲ್ಲ ಸೇರಿಸಿ ನೋಡಿದರೆ’ ಅನ್ನುವ ಇಂದಿನ ಅರ್ಥ ಬಂತು.

ಇದನ್ನು ‘ಅಟ್ ಲಾರ್ಜ್’ ಜೊತೆ ಕಲಸಿಕೊಳ್ಳಬೇಡಿ. ಕಳ್ಳ ‘ಅಟ್ ಲಾರ್ಜ್’ ಅಂದರೆ ಇನ್ನೂ ಸಿಕ್ಕಿಬಿದ್ದಿಲ್ಲ ಅಂತ.

‘ಟೇಕನ್ ಅಬ್ಯಾಕ್’ ಅಂದರೆ ಅವಾಕ್ಕಾಗುವುದು, ತಬ್ಬಿಬ್ಬಾಗುವುದು. ಹಾಯಿಗೆ ಗಾಳಿ ಹಿಂದಿನಿಂದ ತುಂಬಬೇಕು. ಗಾಳಿ ಇದ್ದಕ್ಕಿದ್ದಂತೆ ದಿಕ್ಕು ಬದಲಿಸಿ ಮುಂದಿನಿಂದ ಹೊಡೆದರೆ ಹಾಯಿ ಹಿಂದಕ್ಕೆ ಹಾಯಿಕಂಬಕ್ಕೆ ಒತ್ತಿಕೊಳ್ಳುತ್ತದೆ. ಓಡುತ್ತಿದ್ದ ಹಡಗು ಗಕ್ಕನೆ ನಿಲ್ಲುತ್ತದೆ, ಹಿಂದಕ್ಕೂ ಸರಿಯಬಹುದು. ಅನಿರೀಕ್ಷಿತ ಸುದ್ದಿ ಕೇಳಿ ಮನುಷ್ಯ ಹಾಗೇ ನಿಂತುಬಿಡುವುದಕ್ಕೆ ಈ ಮಾತು.

‘ಟೇಕ್ ದ ವಿಂಡ್ ಔಟ್ ಆಫ್ ಸಮ್‌ಒನ್ಸ್ ಸೇಲ್ಸ್’ ಇದಕ್ಕೆ ಹತ್ತಿರದ್ದು. ಒಂದು ಹಡಗು ಇನ್ನೊಂದಕ್ಕೂ ಗಾಳಿಗೂ ನಡುವೆ ಬಂದು ನಿಂತರೆ, ಆ ಇನ್ನೊಂದರ ಹಾಯಿ ಜೋತು ಬೀಳುತ್ತದೆ. ಜೋರಾಗಿ ವಾದಿಸುತ್ತಿದ್ದವನ ಉತ್ಸಾಹ ಒಂದೇ ಮಾತಿಗೆ ಇಳಿಸಿದರೆ ಹೀಗೆ ಹೇಳುತ್ತಾರೆ.

ಹಗ್ಗದ ಮಾತುಗಳು

‘ಲರ್ನ್ ದ ರೋಪ್ಸ್’. ಹೊಸದಾಗಿ ಕೆಲಸಕ್ಕೆ ಸೇರಿದವರು ಮೊದಲ ವಾರದಲ್ಲೇ ಕೇಳುವ ಮಾತು ಇದು. ಕೆಲಸದ ಒಳಹೊರಗು ಕಲಿಯುವುದು ಅಂತ ಅರ್ಥ. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ‘ಎಚ್‌ಎಂಎಸ್ ವಿಕ್ಟರಿ’ ಅನ್ನುವ ಹಳೆಯ ಯುದ್ಧನೌಕೆಯನ್ನು ಇವತ್ತಿಗೂ ಉಳಿಸಿಕೊಂಡಿದ್ದಾರೆ. 1765ರಲ್ಲಿ ನೀರಿಗಿಳಿದ ಹಡಗು ಅದು. ಅದರ ಹಾಯಿ ಕಂಬಗಳ ಹಗ್ಗದ ಒಟ್ಟು ಉದ್ದ ಸುಮಾರು 42 ಕಿಲೋಮೀಟರ್. ಕಾರವಾರದಿಂದ ಎಳೆದುಕೊಂಡು ಹೊರಟರೆ ಅಂಕೋಲೆ ದಾಟಿಯೂ ಮಿಗುತ್ತದೆ. ಒಂದೊಂದು ಹಗ್ಗಕ್ಕೂ ಒಂದೊಂದು ಹೆಸರು, ಒಂದೊಂದು ಕೆಲಸ. ಹೊಸ ಖಲಾಸಿ ಕತ್ತಲಲ್ಲಿ, ಮಳೆಯಲ್ಲಿ, ಕೈಗೆ ಸಿಕ್ಕಿದ್ದು ಯಾವ ಹಗ್ಗ ಅಂತ ಮುಟ್ಟಿಯೇ ಹೇಳಬೇಕಿತ್ತು. ತಪ್ಪು ಹಗ್ಗ ಬಿಚ್ಚಿದರೆ ಪ್ರಾಣಕ್ಕೇ ಸಂಚಕಾರ. ಹಗ್ಗ ಒಂದಲ್ಲ, ನೂರಾರು. ಹಾಗಾಗಿ ಈ ಮಾತಿನಲ್ಲಿ ‘ರೋಪ್ಸ್’ ಯಾವಾಗಲೂ ಬಹುವಚನ. ‘ಲರ್ನ್ ದ ರೋಪ್’ ಅಂದರೆ ತಪ್ಪು. ಇಂಥ ಸಣ್ಣ ತಪ್ಪುಗಳು ಕಥೆ ಗೊತ್ತಿದ್ದರೆ ಆಗುವುದೇ ಇಲ್ಲ.

‘ಹ್ಯಾಂಡ್ ಓವರ್ ಫಿಸ್ಟ್’ ಅಂದರೆ ಭರಭರನೆ, ಅದರಲ್ಲೂ ದುಡ್ಡು ಗಳಿಸುವಾಗ. ಪಟ್ಟಿಯಲ್ಲಿ ಓದಿದರೆ ‘ಮುಷ್ಟಿಯ ಮೇಲೆ ಕೈ’ ಅನ್ನುವುದಕ್ಕೂ ದುಡ್ಡಿಗೂ ನಂಟು ಕಾಣುವುದಿಲ್ಲ. ದಡದಿಂದ ಎಳೆಯುವ ಏಂಡಿ ಬಲೆಯ ಕೆಲಸ ನೋಡಿದವರಿಗೆ ಕಾಣುತ್ತದೆ. ದಡದಲ್ಲಿ ಎರಡು ಸಾಲು ಜನ. ಒಂದು ಕೈ ಹಗ್ಗವನ್ನು ಮುಷ್ಟಿಯಲ್ಲಿ ಬಿಗಿ ಹಿಡಿದಿರುತ್ತದೆ. ಇನ್ನೊಂದು ಕೈ ಅದನ್ನು ದಾಟಿ ಮುಂದೆ ಹೋಗಿ ಹಿಡಿಯುತ್ತದೆ. ಅದು ಎಳೆಯುವಷ್ಟರಲ್ಲಿ ಮೊದಲ ಕೈ ಮತ್ತೆ ಮುಂದೆ. ಹಗ್ಗ ಹೀಗೆ ಮೊಳ ಮೊಳವಾಗಿ ಬೇಗ ಬೇಗ ಒಳಗೆ ಬರುತ್ತದೆ. ಹಡಗಿನ ಹಗ್ಗ ಎಳೆಯುವುದೂ ಹೀಗೆಯೇ. ದುಡ್ಡು ಹಾಗೆ ಒಳಗೆ ಬಂದರೆ ‘ಮೇಕಿಂಗ್ ಮನಿ ಹ್ಯಾಂಡ್ ಓವರ್ ಫಿಸ್ಟ್’.

‘ದ ಬಿಟರ್ ಎಂಡ್’ ಕಹಿ ಕೊನೆ ಅಂತ ಅನ್ನಿಸುತ್ತದೆ, ಅಲ್ವಾ? ಹಡಗಿನ ಡೆಕ್ಕಿನ ಮೇಲೆ ಲಂಗರಿನ ಹಗ್ಗ ಸುತ್ತುವ ಗಟ್ಟಿ ಮರದ ಗೂಟಗಳಿಗೆ ‘ಬಿಟ್ಸ್’ ಅಂತ ಹೆಸರು. ಲಂಗರಿನ ಹಗ್ಗದಲ್ಲಿ ಆ ಗೂಟದ ಕಡೆ ಉಳಿಯುವ ತುದಿ ‘ಬಿಟರ್ ಎಂಡ್’. ಹಗ್ಗ ಬಿಡುತ್ತಾ ಬಿಡುತ್ತಾ ಅಲ್ಲಿಗೆ ತಲುಪಿದರೆ ಇನ್ನು ಬಿಡಲು ಹಗ್ಗ ಇಲ್ಲ. ‘ಟು ದ ಬಿಟರ್ ಎಂಡ್’ ಅಂದರೆ ಎಷ್ಟೇ ಕಷ್ಟವಾದರೂ ಕೊನೆಯ ತನಕ. ಬೈಬಲ್‌ನಲ್ಲೂ ಕಹಿಯಾದ ಕೊನೆಯ ಮಾತು ಬರುತ್ತದೆ. ಎರಡೂ ಸೇರಿ ಈ ನುಡಿಗಟ್ಟು ಬಲವಾಯಿತು ಅನ್ನುವವರಿದ್ದಾರೆ.

‘ತ್ರೀ ಶೀಟ್ಸ್ ಟು ದ ವಿಂಡ್’ ಅಂದರೆ ಕುಡಿದು ತೂರಾಡುವುದು. ‘ಶೀಟ್’ ಅಂದರೆ ಇಲ್ಲಿ ಬಟ್ಟೆ ಅಲ್ಲ, ಹಾಯಿಯ ಕೆಳಮೂಲೆ ಹಿಡಿದಿಡುವ ಹಗ್ಗ. ಅಂಥ ಮೂರು ಹಗ್ಗ ಸಡಿಲವಾದರೆ ಹಾಯಿ ಪಟಪಟ ಬಡಿಯುತ್ತದೆ, ಹಡಗು ಅತ್ತಿತ್ತ ವಾಲುತ್ತದೆ. ಮುಂದಿನದು ಹೇಳಬೇಕಾಗಿಲ್ಲ.

ಬಾವುಟ ಮತ್ತು ಕುರುಡು ಕಣ್ಣು

ಹಡಗಿನ ಬಾವುಟಕ್ಕೆ ‘ಕಲರ್ಸ್’ ಅನ್ನುತ್ತಾರೆ. ಇಷ್ಟು ತಿಳಿದರೆ ಮೂರು ನುಡಿಗಟ್ಟು ಒಟ್ಟಿಗೆ ಬಿಡಿಸಿಕೊಳ್ಳುತ್ತವೆ. ಶತ್ರುವಿನ ಹತ್ತಿರ ಹೋಗಲು ಹಡಗುಗಳು ಬೇರೆ ದೇಶದ ಬಾವುಟ ಹಾರಿಸುತ್ತಿದ್ದವು. ಗುಂಡು ಹಾರಿಸುವ ಮೊದಲು ಮಾತ್ರ ತಮ್ಮದೇ ಬಾವುಟ ಏರಿಸಬೇಕೆಂಬ ನಿಯಮ ಇತ್ತು. ಅದು ‘ಶೋ ಯುವರ್ ಟ್ರೂ ಕಲರ್ಸ್’, ನಿಜಬಣ್ಣ ತೋರಿಸುವುದು. ಗೆದ್ದ ಹಡಗು ಬಾವುಟ ಹಾರಿಸಿಕೊಂಡೇ ಬಂದರಿಗೆ ಬರುತ್ತಿತ್ತು. ಅದಕ್ಕೇ ಒಳ್ಳೆಯ ಅಂಕ ತೆಗೆದವರು ‘ವಿತ್ ಫ್ಲೈಯಿಂಗ್ ಕಲರ್ಸ್’ ಪಾಸಾಗುತ್ತಾರೆ. ಸೋತವರು ಬಾವುಟ ಇಳಿಸಬೇಕು. ಇಳಿಸಲಾಗದಂತೆ ಕಂಬಕ್ಕೆ ಮೊಳೆ ಹೊಡೆದುಬಿಟ್ಟರೆ? 1797ರ ಕ್ಯಾಂಪರ್‌ಡೌನ್ ಕದನದಲ್ಲಿ ಜಾಕ್ ಕ್ರಾಫರ್ಡ್ ಅನ್ನುವ ನಾವಿಕ ಹಾಗೇ ಮಾಡಿದ. ‘ನೇಲ್ ಯುವರ್ ಕಲರ್ಸ್ ಟು ದ ಮಾಸ್ಟ್’ ಅಂದರೆ ಹಿಂದೆಗೆಯದೆ ನಿಲುವು ಘೋಷಿಸುವುದು.

‘ಟರ್ನ್ ಎ ಬ್ಲೈಂಡ್ ಐ’ ಕಥೆ ಇನ್ನೂ ಸ್ವಾರಸ್ಯದ್ದು. 1801ರ ಏಪ್ರಿಲ್ 2, ಕೋಪನ್‌ಹೇಗನ್ ಕದನ. ಇಂಗ್ಲಿಷ್ ಪಡೆಯ ಮುಖ್ಯಸ್ಥ ಹೈಡ್ ಪಾರ್ಕರ್ ದೂರದ ಹಡಗಿನಲ್ಲಿದ್ದ. ಹೋರಾಟದ ನಡುವೆ ಇದ್ದದ್ದು ಅವನ ಕೈಕೆಳಗಿನ ಹೊರೇಶಿಯೋ ನೆಲ್ಸನ್. ನೆಲ್ಸನ್‌ಗೆ 1794ರಲ್ಲಿ ಕಾರ್ಸಿಕಾದ ಹೋರಾಟದಲ್ಲಿ ಪೆಟ್ಟಾಗಿ ಬಲಗಣ್ಣಿನ ದೃಷ್ಟಿ ಹೋಗಿತ್ತು. ಪಾರ್ಕರ್ ಬಾವುಟದ ಮೂಲಕ ‘ಹೋರಾಟ ನಿಲ್ಲಿಸಿ’ ಅಂತ ಸಂಕೇತ ಕೊಟ್ಟ. ನೆಲ್ಸನ್ ದುರ್ಬೀನನ್ನು ಆ ಕುರುಡು ಕಣ್ಣಿಗೆ ಹಿಡಿದು, ತನಗೆ ಸಂಕೇತವೇ ಕಾಣುತ್ತಿಲ್ಲ ಅಂದನಂತೆ. ಹೋರಾಟ ಮುಂದುವರಿಸಿದ, ಗೆದ್ದ. ದುರ್ಬೀನಿನ ಪ್ರಸಂಗ ಹೀಗೇ ನಡೆಯಿತಾ ಅನ್ನುವ ಬಗ್ಗೆ ಇತಿಹಾಸಕಾರರಿಗೆ ಅನುಮಾನ ಇದೆ. ಇಂಥ ಮಾತು ಇಂಗ್ಲಿಷಿನಲ್ಲಿ ಅದಕ್ಕೂ ಮೊದಲೇ ಇತ್ತು. ಆದರೆ ಮನೆಮಾತಾದದ್ದು ನೆಲ್ಸನ್‌ನಿಂದ. ಇದರ ಅರ್ಥ ಕಂಡೂ ಕಾಣದಂತೆ ಇರುವುದು. ನಾವು ‘ಜಾಣಕುರುಡು’ ಅನ್ನುತ್ತೇವಲ್ಲ, ಸರಿಯಾಗಿ ಅದೇ.

ಡೆಕ್ಕಿನ ಮೇಲೆ

‘ಹ್ಯಾಂಡ್’ ಅಂದರೆ ಹಡಗಿನಲ್ಲಿ ಕೆಲಸದಾಳು. ‘ಆಲ್ ಹ್ಯಾಂಡ್ಸ್ ಆನ್ ಡೆಕ್’ ಅಂದರೆ ಮಲಗಿದ್ದವರೂ ಸೇರಿ ಎಲ್ಲರೂ ಮೇಲೆ ಬನ್ನಿ. ಆಫೀಸಿನಲ್ಲಿ ಹೀಗಂದರೆ ರಜೆ ಕೇಳುವ ಹೊತ್ತು ಇದಲ್ಲ ಅಂತ ತಿಳಿದುಕೊಳ್ಳಿ.

‘ಲೂಸ್ ಕ್ಯಾನನ್’ ಬಗ್ಗೆ ಸ್ವಲ್ಪ ನಿಲ್ಲಬೇಕು. ಕಾರವಾರದ ಕಡಲತೀರದಲ್ಲಿರುವ ಚಾಪೆಲ್ ಯುದ್ಧನೌಕೆ ನೋಡಿದವರಿಗೆ ತೋಪು ಅಂದರೆ ಡೆಕ್ಕಿಗೆ ಬಿಗಿದದ್ದು ಅಂತ ಮನಸ್ಸಿಗೆ ಬರುತ್ತದೆ. ಹಾಯಿಹಡಗಿನ ತೋಪು ಹಾಗಿರಲಿಲ್ಲ. ಗುಂಡು ಹಾರಿದಾಗ ಹಿಂದಕ್ಕೆ ಚಿಮ್ಮಬೇಕಲ್ಲ, ಅದಕ್ಕೆ ಮರದ ಚಕ್ರದ ಗಾಡಿಯ ಮೇಲೆ ಕೂರಿಸಿ ಹಗ್ಗದಿಂದ ಕಟ್ಟುತ್ತಿದ್ದರು. ದೊಡ್ಡ ತೋಪು ಎರಡೂವರೆ ಟನ್ ಮೇಲೆ ತೂಗುತ್ತಿತ್ತು. ತೂಫಾನಿನಲ್ಲಿ ಹಗ್ಗ ಹರಿದರೆ ಹಡಗು ವಾಲಿದ ಕಡೆಗೆಲ್ಲ ಅದು ಉರುಳಿ ತಮ್ಮವರನ್ನೇ ಜಜ್ಜುತ್ತದೆ. ಯಾವಾಗ ಏನು ಮಾಡುತ್ತಾನೋ, ಏನು ಹೇಳಿಬಿಡುತ್ತಾನೋ ಗೊತ್ತಿಲ್ಲ, ಪೆಟ್ಟು ಮಾತ್ರ ತನ್ನ ಕಡೆಯವರಿಗೇ. ಅಂಥವನು ‘ಲೂಸ್ ಕ್ಯಾನನ್’. ಕನ್ನಡದಲ್ಲಿ ನಾವು ಸುಮ್ನೆ ‘ಲೂಸು’ ಅನ್ನುವುದಕ್ಕೂ ಇದಕ್ಕೂ ಸಂಬಂಧ ಇಲ್ಲ.

‘ಪೈಪ್ ಡೌನ್’ ಅಂದರೆ ಗಲಾಟೆ ಸಾಕು, ಸುಮ್ಮನಿರು. ಹಡಗಿನಲ್ಲಿ ಆಜ್ಞೆಗಳನ್ನು ಸೀಟಿ ಊದಿ ತಿಳಿಸುತ್ತಿದ್ದರು. ರಾತ್ರಿ ಮಲಗುವುದಕ್ಕೆ ಊದುವ ಕೊನೆಯ ಸೀಟಿಯೇ ‘ಪೈಪ್ ಡೌನ್’. ಊದುವ ಸೀಟಿಗೆ ‘ಪೈಪ್’ ಅಂತ ಹೆಸರು. ಗಣ್ಯರನ್ನು ಸ್ವಾಗತಿಸಲು ನಮ್ಮ ನೌಕಾಪಡೆಯವರು ಈಗಲೂ ಅದನ್ನು ಊದುತ್ತಾರೆ.

ನೀರು ಇಳಿದಾಗ

ಅಘನಾಶಿನಿಯ ಅಳಿವೆಯಲ್ಲಿ ಇಳಿತದ ಹೊತ್ತಿಗೆ ನಿಂತು ನೋಡಿ. ಜನ ಕೆಸರಿನಲ್ಲಿ ಬಗ್ಗಿ ಬಳಚು ಆರಿಸುತ್ತಿರುತ್ತಾರೆ. ಪಕ್ಕದಲ್ಲೇ ದೋಣಿಗಳು ಒಂದು ಬದಿಗೆ ವಾಲಿ ಮಣ್ಣಿನ ಮೇಲೆ ಕೂತಿರುತ್ತವೆ. ಮತ್ತೆ ಉಬ್ಬರ ಬರುವ ತನಕ ಅವು ಅಲ್ಲಾಡುವ ಹಾಗಿಲ್ಲ. ‘ಲೆಫ್ಟ್ ಹೈ ಆಂಡ್ ಡ್ರೈ’ ಅಂದರೆ ಇದು. ಜೊತೆಗಿದ್ದವರು ಬಿಟ್ಟು ಹೋಗಿ, ಕೈಕಾಲು ಆಡದ ಸ್ಥಿತಿಯಲ್ಲಿ ಉಳಿಯುವುದು.

‘ಗಿವ್ ಎ ವೈಡ್ ಬರ್ತ್’ ಅಂದಾಗ ನಮಗೆ ರೈಲಿನ ಬರ್ತ್ ನೆನಪಾಗುತ್ತದೆ. ಆ ಪದ ಮೊದಲು ಸಮುದ್ರದ್ದು. ಹಡಗು ಸುತ್ತಮುತ್ತ ಡಿಕ್ಕಿಯಾಗದೆ ಇರಲು ಬೇಕಾದ ಜಾಗಕ್ಕೆ ಬರ್ತ್ ಅನ್ನುತ್ತಿದ್ದರು. ಹಡಗು ಕಟ್ಟುವ ಜಾಗ, ಮಲಗುವ ಜಾಗ ಎಲ್ಲ ಆಮೇಲೆ ಬಂದ ಅರ್ಥ. ಕಾರವಾರದ ಹತ್ತಿರದ ದೇವಗಡ ದ್ವೀಪದ ದೀಪಸ್ತಂಭ ಕಂಡ ತಾಂಡೇಲ ಬಂಡೆಗಳಿಂದ ದೂರ ಸರಿದು ಬೋಟು ತಿರುಗಿಸುತ್ತಾನಲ್ಲ, ಅದೇ. ಮನುಷ್ಯರ ವಿಷಯದಲ್ಲಿ, ಅವರ ಸಹವಾಸವೇ ಬೇಡ ಅಂತ ದೂರ ಇರುವುದು.

‘ಆಲ್ ಅಟ್ ಸೀ’ ಅಂದರೆ ದಡ ಕಾಣದೆ ದಿಕ್ಕು ತೋಚದಂತಾಗುವುದು. ‘ಪ್ಲೇನ್ ಸೇಲಿಂಗ್’ ಅಂದರೆ ಅಡ್ಡಿಯಿಲ್ಲದ ಕೆಲಸ. ಭೂಮಿ ಉರುಟಾಗಿರುವುದರಿಂದ ದೂರದ ದಾರಿಯ ಲೆಕ್ಕ ಕಷ್ಟ. ಹತ್ತಿರದ ದಾರಿಗೆ ಭೂಮಿ ಚಪ್ಪಟೆ ಅಂತಲೇ ಎಣಿಸಿ ಸುಲಭವಾಗಿ ಲೆಕ್ಕ ಹಾಕುತ್ತಿದ್ದರು. ಆ ವಿಧಾನದ ಹೆಸರೇ ನುಡಿಗಟ್ಟಾಯಿತು.

ಮೀನಿನವು ಒಂದೆರಡು

‘ಹುಕ್, ಲೈನ್ ಆಂಡ್ ಸಿಂಕರ್’. ಗಾಳ, ದಾರ, ದಾರ ಮುಳುಗಲು ಕಟ್ಟುವ ಸೀಸದ ಗುಂಡು. ಹಸಿದ ಮೀನು ಬರೀ ಎರೆ ಕಚ್ಚುವ ಬದಲು ಮೂರನ್ನೂ ನುಂಗಿತು ಅಂದರೆ? ಹೇಳಿದ ಸುಳ್ಳನ್ನು ಹಾಗೆ ಪೂರ್ತಿ ನಂಬುವವರಿಗೆ ಈ ಮಾತು. ಮೊಬೈಲಿಗೆ ಬರುವ ಲಾಟರಿ ಮೆಸೇಜು ನಂಬಿದವರ ಸುದ್ದಿಯಲ್ಲಿ ಇದನ್ನು ಓದಬಹುದು.

‘ರೆಡ್ ಹೆರಿಂಗ್’ ಪರೀಕ್ಷೆಗಳಲ್ಲಿ ಆಗಾಗ ಕಾಣುವ ಮಾತು. ಹೆರಿಂಗ್ ನಮ್ಮ ತಾರ್ಲೆಯ, ಅಂದರೆ ಭೂತಾಯಿಯ, ಜಾತಿಗೇ ಸೇರಿದ ಮೀನು. ಉಪ್ಪು ಹಾಕಿ ಹೊಗೆಯಲ್ಲಿ ಒಣಗಿಸಿದರೆ ಕೆಂಪಾಗುತ್ತದೆ. ವಾಸನೆ ಹೇಗಿರುತ್ತದೆ ಅಂತ ಒಣಮೀನಿನ ಪೇಟೆ ದಾಟಿದವರಿಗೆ ವಿವರಿಸಬೇಕಿಲ್ಲ. 1807ರಲ್ಲಿ ವಿಲಿಯಂ ಕಾಬೆಟ್ ಅನ್ನುವ ಇಂಗ್ಲಿಷ್ ಪತ್ರಕರ್ತ, ಮೊಲದ ಜಾಡು ಹಿಡಿದ ನಾಯಿಗಳನ್ನು ಈ ಮೀನು ಎಳೆದಾಡಿ ದಾರಿ ತಪ್ಪಿಸಿದ ಕಥೆ ಬರೆದ. ಪತ್ರಿಕೆಗಳು ಹಾಗೆ ದಾರಿ ತಪ್ಪುತ್ತಿವೆ ಅನ್ನುವುದು ಅವನ ದೂರು. ಮುಖ್ಯ ವಿಷಯದಿಂದ ಗಮನ ಬೇರೆಡೆ ಸೆಳೆಯಲು ಬಿಡುವ ಸುಳಿವೇ ‘ರೆಡ್ ಹೆರಿಂಗ್’.

ಹಡಗಿನದ್ದು ಅಂತ ತಪ್ಪಾಗಿ ಹೇಳುವವು

ಇಲ್ಲಿ ಎಚ್ಚರ ಬೇಕು. ಕಥೆ ಚಂದ ಇದೆ ಅಂತ ಎಲ್ಲವನ್ನೂ ನಂಬಬಾರದು. ‘ಅಬವ್ ಬೋರ್ಡ್’ ಅಂದರೆ ಮುಚ್ಚುಮರೆ ಇಲ್ಲದ್ದು. ಡೆಕ್ಕಿನ ಹಲಗೆಯ ಮೇಲೆ ಅಂತ ವಿವರಿಸುವುದುಂಟು. ಅದು ಇಸ್ಪೀಟಿನ ಮೇಜಿನ ಮಾತು. ಕೈ ಮೇಜಿನ ಮೇಲಿದ್ದರೆ ಎಲೆ ಬದಲಾಯಿಸುವ ಮೋಸ ಆಗುವುದಿಲ್ಲ.

ಶ್ರೀಮಂತ, ಠೀವಿಯ ಅನ್ನುವ ಅರ್ಥದ ‘ಪಾಶ್’ ಪದಕ್ಕೆ ಇಂಡಿಯಾದ ದಾರಿಯನ್ನೇ ಜೋಡಿಸಿದ್ದಾರೆ. ಇಂಗ್ಲೆಂಡಿನಿಂದ ಇಲ್ಲಿಗೆ ಬರುವಾಗ ಹಡಗಿನ ಎಡಬದಿ, ಹೋಗುವಾಗ ಬಲಬದಿ ತಂಪಾದ ಕೋಣೆಗಳಂತೆ. ಎಡಬದಿಗೆ ‘ಪೋರ್ಟ್’, ಬಲಬದಿಗೆ ‘ಸ್ಟಾರ್‌ಬೋರ್ಡ್’ ಅನ್ನುತ್ತಾರೆ; ಶ್ರೀಮಂತರ ಟಿಕೆಟಿನ ಮೇಲೆ ‘ಪೋರ್ಟ್ ಔಟ್, ಸ್ಟಾರ್‌ಬೋರ್ಡ್ ಹೋಮ್’ ಅನ್ನುವುದರ ಮೊದಲಕ್ಷರ ಒತ್ತುತ್ತಿದ್ದರಂತೆ. ಅಂಥ ಒಂದು ಟಿಕೆಟ್ಟೂ ಈತನಕ ಸಿಕ್ಕಿಲ್ಲ.

‘ಬಿಟ್ವೀನ್ ದ ಡೆವಿಲ್ ಆಂಡ್ ದ ಡೀಪ್ ಬ್ಲೂ ಸೀ’ ಅಂದರೆ ಎರಡೂ ಕಡೆ ಕಷ್ಟ. ಶಿರಸಿಯವರಾದರೆ ಅಡಕತ್ತರಿಯಲ್ಲಿ ಸಿಕ್ಕ ಅಡಿಕೆ ಅನ್ನುತ್ತಾರೆ. ಇಲ್ಲಿ ‘ಡೆವಿಲ್’ ಅಂದರೆ ಹಡಗಿನ ಹಲಗೆಗಳ ನಡುವಿನ ಸಂದಿ ಅಂತ ಒಂದು ವಿವರಣೆ ಇದೆ. ಸಂದಿಗೆ ಆ ಹೆಸರು ದಾಖಲಾಗುವ ಎಷ್ಟೋ ಮೊದಲೇ ನುಡಿಗಟ್ಟು ಬಳಕೆಯಲ್ಲಿತ್ತು. ಇಲ್ಲಿ ಡೆವಿಲ್ ದೆವ್ವವೇ.

ಬಳಸುವಾಗ

ಅರ್ಥ ತಿಳಿಯುವುದು ಒಂದು, ನಾವೇ ಬಳಸುವುದು ಇನ್ನೊಂದು. ಆಫೀಸಿನ ಮೇಲ್‌ನಲ್ಲಿ ‘ಲರ್ನ್ ದ ರೋಪ್ಸ್’, ‘ಪ್ಲೇನ್ ಸೇಲಿಂಗ್’, ‘ಬೈ ಆಂಡ್ ಲಾರ್ಜ್’ ಧಾರಾಳವಾಗಿ ಬರೆಯಬಹುದು. ‘ಪೈಪ್ ಡೌನ್’ ಮೇಲಿನವರಿಗೆ ಹೇಳಿದರೆ ಒರಟು. ‘ತ್ರೀ ಶೀಟ್ಸ್’ ಗೆಳೆಯರ ನಡುವೆ ಮಾತ್ರ. ಕೆಲಸ ಬಿಟ್ಟು ಬೇರೆ ಕಂಪನಿ ಸೇರುವುದಕ್ಕೆ ‘ಜಂಪ್ ಶಿಪ್’ ಅನ್ನುತ್ತಾರೆ. ಅದರಲ್ಲಿ ಕೈ ಕೊಟ್ಟು ಹೋದ ಅನ್ನುವ ದೂರು ಇದೆ. ಹಾಗಾಗಿ ಸಂದರ್ಶನದಲ್ಲಿ ನಿಮ್ಮ ಬಗ್ಗೆ ನೀವೇ ಹಾಗೆ ಹೇಳಿಕೊಳ್ಳಬೇಡಿ. ರಜೆ ಕೇಳುವಾಗ ‘ಐ ಆಮ್ ಫೀಲಿಂಗ್ ಅಂಡರ್ ದ ವೆದರ್’ ಅಂದರೆ ನೆಗಡಿ, ಮೈಕೈ ನೋವಿನಂಥ ಸಣ್ಣ ತೊಂದರೆ. ಆಪರೇಷನ್ ಆಗಿ ಮಲಗಿದವರಿಗೆ ಈ ಮಾತು ಹೊಂದುವುದಿಲ್ಲ.

ಪರೀಕ್ಷೆ ಬರೆಯುವವರಿಗೆ ಇನ್ನೊಂದು ವಿಷಯ. ಕೊಟ್ಟ ನಾಲ್ಕು ಉತ್ತರಗಳಲ್ಲಿ ಒಂದು ಸಾಮಾನ್ಯವಾಗಿ ಪದಕ್ಕೆ ಪದ ಹೊಂದುವ ಅರ್ಥ ಆಗಿರುತ್ತದೆ. ‘ಹೈ ಆಂಡ್ ಡ್ರೈ’ಗೆ ‘ಎತ್ತರದ ಒಣ ಜಾಗದಲ್ಲಿ’ ಅಂತ ಇದ್ದರೆ ಅದನ್ನು ಮೊದಲು ಕೈಬಿಡಿ. ಉಳಿದ ಮೂರರಲ್ಲಿ, ಇಳಿತದಲ್ಲಿ ಮಣ್ಣಿನ ಮೇಲೆ ಸಿಕ್ಕಿಕೊಂಡ ದೋಣಿಯ ಪಾಡಿಗೆ ಯಾವುದು ಹತ್ತಿರ ಅಂತ ನೋಡಿ ಗುರುತು ಹಾಕಿ.